ಕರಣೆ ಹಿಡಿಯುವ ಕೈ



ರಜೆ ದಿನ ಮನೆಗೋಡೆಯ ಗಾರೆ ಕಿತ್ತುಬಂದಲ್ಲಿ ನಾನೇ ಮೆತ್ತುತ್ತೇನೆ. “ಕರಣೆ ಹಿಡಿಯೋಕಾ ನಿನ್ನ ಓದಿಸಿದ್ದು?” ಎಂದು ಅಪ್ಪ ಕೇಳುತ್ತಾರೆ. ಅವರ ನೋವು ನಿಜ. ಅವರಿಗೆ ಕೂಲಿ ಹುಟ್ಟಿನಿಂದ ಬಂದ ಹೊರೆ. ನನಗೆ ಈ ಕೆಲಸ ಆಯ್ಕೆ.

ಇಷ್ಟ, ಯೋಗ್ಯತೆ ನೋಡದೆ ಹುಟ್ಟಿಗೆ ಕಸುಬು ಕಟ್ಟುವ ಅನ್ಯಾಯವನ್ನು ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಬಯಲಿಗೆಳೆದರು. ನಾವು ಬಿಡಬೇಕಾದ್ದು ಆ ಕಟ್ಟನ್ನು, ಕೆಲಸವನ್ನಲ್ಲ.

ಗೋಡೆ ನೆನೆಸದಿದ್ದರೆ ಗಾರೆಯ ನೀರನ್ನು ಇಟ್ಟಿಗೆಯೇ ಹೀರುತ್ತದೆ. ಮೆತ್ತಿದ ಮೇಲೂ ವಾರವಿಡೀ ನೀರು ಹಾಕಬೇಕು. ಇಷ್ಟು ಕೈಯಾರೆ ಕಂಡವನಿಗೆ ಗಾರೆ ಮೇಸ್ತ್ರಿಯ ಕೂಲಿಯಲ್ಲಿ ಚೌಕಾಸಿ ಮಾಡಲು ಬಾಯಿ ಬಾರದು.

ಸಮ್ಯಕ್ ಆಜೀವ ಎಂದರೆ ನಮ್ಮ ಸಂಪಾದನೆ ಶುದ್ಧವಿದ್ದರೆ ಸಾಲದು. ಇನ್ನೊಬ್ಬರ ದುಡಿಮೆಗೆ ತಕ್ಕ ಬೆಲೆಯನ್ನೂ ಕೊಡಬೇಕು ಎಂದು ನಾನು ತಿಳಿದಿದ್ದೇನೆ. ಇಂದು ನಾವು ಯಾರ ಕೂಲಿ ಕಡಿಮೆ ಮಾಡಿದೆವು? ಯೋಚಿಸೋಣ.

ನಮೋ ಬುದ್ಧಾಯ.