ಬೆನ್ನು ಎದೆಗೆ ಕೊಟ್ಟ ದಾನ

ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ಸಭೆಯನ್ನು ದೇಹಕ್ಕೆ ಹೋಲಿಸಿದ್ದಾನಷ್ಟೆ. ಈ ಹೋಲಿಕೆಯ ಬಲವು ಒಬ್ಬ ಶಸ್ತ್ರವೈದ್ಯನ ಕೆಲಸದಿಂದ ನಮಗೆ ಚೆನ್ನಾಗಿ ತಿಳಿಯುವದು.

ಆತನು ಇತಾಲ್ಯ ದೇಶದ ಇಜೀನಿಯೊ ತಾನ್ಸೀನಿ. ಆ ಕಾಲದಲ್ಲಿ ಸ್ತನದ ಕ್ಯಾನ್ಸರ್ ರೋಗಕ್ಕೆ ವೈದ್ಯರು ಸ್ತನವನ್ನೂ ಮೇಲಣ ಚರ್ಮವನ್ನೂ ವಿಸ್ತಾರವಾಗಿ ತೆಗೆಯುತ್ತಿದ್ದರು. ದೊಡ್ಡ ಗಾಯವು ಉಳಿಯುತ್ತಿತ್ತು. ತಾನ್ಸೀನಿಯು ಬೆನ್ನಿನ ಚರ್ಮವನ್ನು ಮುಂದಕ್ಕೆ ತಿರುಗಿಸಿ ಆ ಗಾಯವನ್ನು ಮುಚ್ಚುವ ವಿಧವನ್ನು 1896ರಲ್ಲಿ ಪ್ರಕಟಿಸಿದನು. ಆದರೆ ಚರ್ಮದ ತುದಿಯು ಕೆಲವು ಸಾರಿ ಸತ್ತುಹೋಗುತ್ತಿತ್ತು. ಯಾಕಂದರೆ ಸೂಳೆಕೆರೆಯ ನೀರು ಕಾಲುವೆಯಿಲ್ಲದೆ ಗದ್ದೆಗೆ ಬಾರದ ಹಾಗೆ, ಆ ಚರ್ಮಕ್ಕೆ ರಕ್ತವು ಕೆಳಗಿನ ಮಾಂಸಖಂಡದ ಮೂಲಕವೇ ಬರುತ್ತದೆ. ಇದನ್ನು ಕಂಡುಕೊಂಡು, ಪಾವಿಯ ಪಟ್ಟಣದಲ್ಲಿ ಬೋಧಕನಾಗಿದ್ದಾಗ 1906ರಲ್ಲಿ ಆತನು ಚರ್ಮದೊಂದಿಗೆ ಮಾಂಸಖಂಡವನ್ನೂ, ಕಂಕುಳಿನ ರಕ್ತನಾಳವನ್ನು ಕಡಿಯದೆ, ಎದೆಗೆ ತರುವ ರೀತಿಯನ್ನು ತಿಳಿಸಿದನು. ಚರ್ಮವು ಬದುಕಿತು.

ಅಮೇರಿಕದ ಪ್ರಸಿದ್ಧ ವೈದ್ಯನಾದ ಹಾಲ್‌ಸ್ಟೆಡನು, ಹೀಗೆ ಮುಚ್ಚಿದರೆ ಮರಳಿ ಬರುವ ರೋಗವು ಮರೆಯಾಗುವದೆಂದು ಹೆದರಿ ಇದನ್ನು ಒಪ್ಪಲಿಲ್ಲ. ಕಾಲಕ್ರಮದಲ್ಲಿ ಈ ವಿಧವು ಮರೆತುಹೋಯಿತು. 1976 ಮತ್ತು 1977ರಲ್ಲಿ ಬೇರೆ ವೈದ್ಯರು ಇದನ್ನು ಪುನಃ ಕಂಡುಕೊಂಡು ಸ್ತನದ ಆಕಾರವನ್ನು ಕಟ್ಟುವದಕ್ಕೆ ಉಪಯೋಗಿಸಿದರು. 1982ರಲ್ಲಿ ಅಟ್ಲಾಂಟಾ ಪಟ್ಟಣದ ಹಾರ್ಟ್‌ರಾಂಪ್ಫನು ಹೊಟ್ಟೆಯ ಮಾಂಸದಿಂದ ಅದನ್ನು ಕಟ್ಟುವ ರೀತಿಯನ್ನು ಪ್ರಕಟಿಸಿದನು.

ಚನ್ನಗಿರಿ ಸೀಮೆಯ ಸಹೋದರಿಯರೇ, ರಕ್ತಸ್ರಾವದ ಸ್ತ್ರೀಯು ಹಿಂದಿನಿಂದ ಬಂದು ಗುಟ್ಟಾಗಿ ಮುಟ್ಟಿದಳು. ಆದರೂ ಕರ್ತನು ಆಕೆಯನ್ನು ಎಲ್ಲರ ಮುಂದೆ ಮಗಳೆಂದು ಕರೆದನು. ಎದೆಯಲ್ಲಿ ಗಂಟು ಕಂಡರೆ, ನೋವಿಲ್ಲವೆಂದು ಸುಮ್ಮನಿರಬೇಡಿರಿ, ನಾಚಿ ಮುಚ್ಚಬೇಡಿರಿ. ಕೂಡಲೇ ವೈದ್ಯರಿಗೆ ತೋರಿಸಿರಿ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆಯು ಈ ರೋಗಕ್ಕಾಗಿಯೇ ಇದೆ.

ಸ್ತನವನ್ನು ಕಳಕೊಂಡವಳು ದೇವರ ಮುಂದೆ ಯಾವದರಲ್ಲಿಯೂ ಕಡಿಮೆಯಾದವಳಲ್ಲ. ಅದನ್ನು ಪುನಃ ಕಟ್ಟಿಸಿಕೊಳ್ಳುವದು ಆಡಂಬರವಲ್ಲ. ಬೇಡವೆನ್ನುವದು ಕೊರತೆಯೂ ಅಲ್ಲ. ಮದುವೆಯ ಮನೆಯಲ್ಲಾಗಲಿ ನಲ್ಲಿಯ ಬಳಿಯಲ್ಲಾಗಲಿ ಆಕೆಯ ವಿಷಯ ಪಿಸುಗುಟ್ಟುವ ನಾಲಿಗೆಯೇ ನಾಚಲಿ.

ಸಭೆಯ ಹಿರಿಯರೇ, ಬೆನ್ನು ತನ್ನ ಮಾಂಸವನ್ನು ಎದೆಗೆ ಕೊಟ್ಟಿತು. ನೀವೂ ಏನಾದರೂ ಕೊಡಿರಿ. ಆಕೆಯ ಸಂಗಡ ಆಸ್ಪತ್ರೆಗೆ ಹೋಗಿರಿ. ಆಕೆಯ ಮಕ್ಕಳಿಗೆ ಉಣ್ಣಲಿಕ್ಕಿರಿ. ಅಡಿಕೆಯ ಕೊಯ್ಲಿಗೆ ಆಕೆಯ ಮನೆಗೆ ಆಳಾಗಿ ನಿಲ್ಲಿರಿ. ಕೊಟ್ಟ ಮಾಂಸವು ತನ್ನ ರಕ್ತನಾಳವನ್ನು ಬಿಡದೆ ಬದುಕಿದ ಹಾಗೆ, ನಮ್ಮ ಸೇವೆಯೂ ಕ್ರಿಸ್ತನನ್ನು ಬಿಡದೆ ಇದ್ದರೆ ಬಾಡುವದಿಲ್ಲ. ಆಮೆನ್.