ಮಾಳಿಗೆ ಮೇಲಿನ ಮರೆ, ಜಾಲಿ ಕೆಳಗಿನ ಮರೆ

ಬೆಂಗಳೂರಿನಲ್ಲಿ ಈಗ ಬೋರ್ಡಿಲ್ಲದ ಬಾರುಗಳಿವೆ ಗೆಳೆಯರೆ. ಪುಸ್ತಕದ ಬೀರು ಅಂತ ನೂಕಿದರೆ ಅದು ಬಾಗಿಲು. ಲೀಲಾ ಪ್ಯಾಲೇಸ್ ಹೋಟೆಲಿನಲ್ಲಿ ಝಡ್‌ಎಲ್‌ಬಿ 23 ಅಂತ ಒಂದಿದೆ, ಅದಕ್ಕೆ ಅಡುಗೆಮನೆ ಹಾದು ಹೋಗಬೇಕು. ನಮ್ಮಲ್ಲೊಬ್ಬ, ಚಳ್ಳಕೆರೆ ಕಡೆಯ ನಮ್ಮ ಕೇರಿಯಿಂದ ಮೊದಲು ಡಿಗ್ರಿ ಮುಗಿಸಿ ಕಂಪನಿ ಸೇರಿದವನು, ನಮ್ಮನ್ನು ಕರೆದುಕೊಂಡು ಹೋದದ್ದು ಇಂಥದೇ ಬೇರೊಂದಕ್ಕೆ. ನಾಲ್ಕು ಮಹಡಿ ಲಿಫ್ಟು, ಆಮೇಲೆ ಕಬ್ಬಿಣದ ಮೆಟ್ಟಿಲು, ಕೊನೆಗೆ ಒಂದು ಕರೀ ಬಾಗಿಲು. ಫೋನಿಗೆ ಬಂದಿದ್ದ ಗುಟ್ಟಿನ ಮಾತು ಹೇಳಿದ ಮೇಲೆ ತೆರೆಯಿತು. ಬಾಗಿಲಲ್ಲಿ ನಿಂತವನು ನಮ್ಮ ಮುಖ ನೋಡಲಿಲ್ಲ, ಚಪ್ಪಲಿ ನೋಡಿದ. ಆ ನೋಟ ನಮಗೆ ಹೊಸದಲ್ಲ.

ಮೇಲೆ ಬಯಲು ಮಾಳಿಗೆ, ಬೆಳಕು ಕಮ್ಮಿ. ಹುಣಸೆ ರಸಕ್ಕೆ ಜಿನ್ನು ಬೆರೆಸಿ, ಲೋಟದ ಅಂಚಿಗೆ ಉಪ್ಪುಕಾರ ಸವರಿ ಕೊಟ್ಟರು. ಉಪ್ಪುಕಾರ ಹಚ್ಚಿದ ಹುಣಸೆಯನ್ನು ನಮ್ಮವ್ವಂದಿರು ಶೇಂಗಾ ಹೊಲದಲ್ಲಿ ಕಳೆ ಕೀಳುವಾಗ ಹಸಿವು ಮರೆಯೋಕೆ ಚೀಪುತ್ತಿದ್ದರು. ಇಲ್ಲಿ ಅದಕ್ಕೆ ಲೋಟಕ್ಕೆ ಒಂಬೈನೂರು ರೂಪಾಯಿ. 2024-25ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 349 ಇತ್ತು, ಲೆಕ್ಕ ನೀವೇ ಹಾಕಿ. ಆದರೆ ನಾವು ಬರೆಯಹೊರಟಿದ್ದು ಬೆಲೆಯ ಮಾತಲ್ಲ, ಮರೆಯ ಮಾತು.

ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಆಗ ಜನ ನೆಲಮಾಳಿಗೆಗಳಲ್ಲಿ, ಅಂಗಡಿಗಳ ಹಿಂಭಾಗದಲ್ಲಿ ಕದ್ದು ಕುಡಿದರು. ದನಿ ತಗ್ಗಿಸಿ ಮಾತಾಡಿ ಅನ್ನೋ ಅರ್ಥದ 'ಸ್ಪೀಕ್‌ಈಸಿ' ಅಂತಲೇ ಆ ಅಡ್ಡೆಗಳಿಗೆ ಹೆಸರು. ಅವರಿಗೆ ಪೊಲೀಸರ ಭಯ ಇತ್ತು. ಬೆಂಗಳೂರಿನ ಮಾಳಿಗೆಗೆ ಯಾರ ಭಯ? ಅಬಕಾರಿ ಲೈಸೆನ್ಸು ಗೋಡೆ ಮೇಲೆ ಚೌಕಟ್ಟಿನಲ್ಲಿ ತೂಗುತ್ತಿದೆ. ಭಯವಿಲ್ಲದವರು ಭಯದ ವೇಷ ಹಾಕಿ, ದುಡ್ಡು ಕೊಟ್ಟು ಬಚ್ಚಿಟ್ಟುಕೊಳ್ಳುವ ಆಟ ಇದು. ಆಡಲಿ ಬಿಡಿ ಅನ್ನಬಹುದು. ಆದರೆ ಅಡುಗೆಮನೆ ಹಾದು ಹೋಗೋದು, ಹಿಂಬಾಗಿಲಿಂದ ನುಗ್ಗೋದು ಅವರಿಗೆ ಮೋಜು. ನಮ್ಮ ಸೀಮೆಯ ಹೋಟೆಲುಗಳಲ್ಲಿ ನಮ್ಮ ಅಪ್ಪಂದಿರಿಗೆ ಇದ್ದದ್ದು ಹಿಂಬದಿ ಒಂದೇ. ಅವರ ಲೋಟ ಸೂರಿನಲ್ಲಿ ಸಿಕ್ಕಿಸಿಟ್ಟಿರುತ್ತಿತ್ತು. ತಾನೇ ಇಳಿಸಿಕೊಂಡು, ಕುಡಿದು, ತಾನೇ ತೊಳೆದು ಅಲ್ಲೇ ಸಿಕ್ಕಿಸಬೇಕು. ಅದಕ್ಕೆ ಗುಟ್ಟಿನ ಮಾತು ಬೇಕಿರಲಿಲ್ಲ, ಊರಿಗೆಲ್ಲ ಗೊತ್ತಿದ್ದ ಮಾತೇ ಸಾಕಿತ್ತು.

ಈಗ ನಮ್ಮೂರ ಮರೆಗೆ ಬನ್ನಿ. ಚಳ್ಳಕೆರೆ, ಮೊಳಕಾಲ್ಮುರು ಸೀಮೆ ಅಂದರೆ ಶೇಂಗಾ, ಎಣ್ಣೆ ಮಿಲ್ಲು, ಕಂಬಳಿ, ರೇಷ್ಮೆ ಸೀರೆ. ಮಳೆ ಕೈಕೊಟ್ಟ ವರ್ಷ ಕಣ್ಣಿಗೆ ಬೀಳುವ ಹಸಿರು ಜಾಲಿ ಒಂದೇ. 2007ರ ಜುಲೈ 1ರಿಂದ ಸರ್ಕಾರ ಸಾರಾಯಿ ನಿಲ್ಲಿಸಿತು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. 90 ಎಂ.ಎಲ್. ಪ್ಯಾಕೆಟ್ಟು ಬಂತು. ಪಟ್ಟಣದ ಲೈಸೆನ್ಸಿನ ಅಂಗಡಿಯಿಂದ ಬೈಕಿನ ಮೇಲೆ ಹಳ್ಳಿಗೆ ಬರುತ್ತದೆ, ಗೂಡಂಗಡಿಯ ಬೀಡಿ ಕಟ್ಟಿನ ಹಿಂದೆ ಕೂರುತ್ತದೆ. ಕತ್ತಲಾದ ಮೇಲೆ ಹೋಗಿ "ಐತೇನಕ್ಕ?" ಅಂದರೆ ಸಾಕು. ರೇಡು ಬಂದಾಗ ಸಿಕ್ಕಿಬೀಳೋಳು ನಾಲ್ಕು ಪ್ಯಾಕೆಟ್ಟು ಇಟ್ಟುಕೊಂಡ ಗಂಡನಿಲ್ಲದ ಹೆಂಗಸು, ಬಾಕ್ಸುಗಟ್ಟಲೆ ಕಳಿಸಿದ ಧಣಿಯಲ್ಲ. 2025-26ರ ಬಜೆಟ್ಟಿನಲ್ಲಿ ಸರ್ಕಾರ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಬರೆದುಕೊಂಡಿತು. ಆ ನಾಲ್ಕು ಪ್ಯಾಕೆಟ್ಟಿನ ತೆರಿಗೆಯೂ ಅದರಲ್ಲಿ ಸೇರಿದ್ದೇ.

ಪ್ಯಾಕೆಟ್ಟು ಹಿಡಿದು ಕೂರೋದು ಎಲ್ಲಿ? ಜಾಲಿ ಮರೆಯಲ್ಲಿ. ಜಾಲಿ ಇರೋದು ಎಲ್ಲಿ? ನಮ್ಮ ಕೇರಿಯ ಹಿಂದೆ. ಮ್ಯಾಸಬೇಡರ ಹಟ್ಟಿಗಳಲ್ಲಿ ಹೆಂಡ ಮುಟ್ಟಬಾರದು ಅನ್ನೋದು ಹಿಂದಿನಿಂದ ಬಂದ ದೇವರ ಕಟ್ಟಳೆ. ಊರ ಸಾಹುಕಾರರ ಮನೆಗಳಲ್ಲಿ ಮರ್ಯಾದೆಯ ಕಟ್ಟಳೆ. ಕಟ್ಟಳೆ ಮುರಿಯಬೇಕು ಅನ್ನಿಸಿದಾಗ ಆ ಹುಡುಗರು ಬರೋದು ಇಲ್ಲಿಗೆ. ಊರಿನ ಗುಟ್ಟಿನ ಬಾರು ನಮ್ಮ ಕೇರಿ. ಆದರೂ 'ಕುಡುಕರ ಕೇರಿ' ಅನ್ನೋ ಹೆಸರು ಬಿದ್ದದ್ದು ಮಾತ್ರ ನಮಗೆ.

ಒಂದು ವಿಚಿತ್ರ ನೋಡಿ. ಪ್ಯಾಕೆಟ್ಟಿಗೆ ಲೋಟ ಬೇಕಿಲ್ಲ. ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದರೆ ಆಯ್ತು. ಒಂದೇ ಉಳಿದಾಗ ಅವನ ಬಾಯಿಂದ ಇವನ ಬಾಯಿಗೆ ಹೋಗುತ್ತದೆ. ನಮ್ಮ ಎಂಜಲು ಸಾಹುಕಾರನ ಮಗ ಕುಡಿಯುತ್ತಾನೆ, "ಅಣ್ಣ" ಅಂತ ಹೆಗಲ ಮೇಲೆ ಕೈ ಹಾಕುತ್ತಾನೆ. ನೂರು ಭಾಷಣ ಮಾಡದ್ದನ್ನು ಒಂದು ಪ್ಯಾಕೆಟ್ಟು ಮಾಡಿತು ಅಂತ ನಾವು ಬಹಳ ದಿನ ಅಂದುಕೊಂಡಿದ್ದೆವು. ಪದ್ಯ ಕೂಡ ಬರೆದೆವು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಅದೇ ಹುಡುಗ ನಮ್ಮನ್ನು ದಾಟಿ ಆಕಾಶ ನೋಡುತ್ತಾನೆ. ಆ ಪದ್ಯ ಸುಳ್ಳು, ಹರಿದು ಹಾಕಿದ್ದೇವೆ. ಕತ್ತಲಲ್ಲಿ ಎಂಜಲು ಹಂಚಿಕೊಂಡವನು ಹಗಲಲ್ಲಿ ಗುರುತು ಹಿಡಿಯದಿದ್ದರೆ ಆ ರಾತ್ರಿ ನಡೆದದ್ದಕ್ಕೆ ಏನೆಂದು ಹೆಸರಿಡುವುದು? ಸಮಾನತೆ ಅಂತಲೋ, ಅವನ ಕಳ್ಳತನಕ್ಕೆ ನಾವು ಕೊಟ್ಟ ಜಾಗ ಅಂತಲೋ?

ಈ ಪ್ರಶ್ನೆಯನ್ನು ನಾವು ಗಂಡಸರು ಹೀಗೆ ತಿರುಗಿಸುತ್ತ ಕೂತಾಗ ಹೆಂಗಸರು ಬೇರೆಯದೇ ಕೇಳಿದರು. 2019ರ ಜನವರಿ 19ರಂದು ಚಿತ್ರದುರ್ಗದಿಂದ ಸಾವಿರಾರು ಹೆಂಗಸರು, ರಾಯಚೂರು ಕಡೆಯವರೇ ಹೆಚ್ಚು, ಮದ್ಯ ನಿಷೇಧ ಕೇಳುತ್ತ ಬೆಂಗಳೂರಿಗೆ ನಡೆದು ಹೊರಟರು. ಸುಮಾರು 200 ಕಿಲೋಮೀಟರು. ಜನವರಿ 30ಕ್ಕೆ ತಲುಪಿದರು. ದಾರಿಯಲ್ಲಿ ಒಬ್ಬಾಕೆ ವಾಹನ ಬಡಿದು ಸತ್ತರು. ಆ ಸುದ್ದಿ ಓದಿ ನಾವು, ನಿಷೇಧ ಬಂದರೆ ಜೈಲಿಗೆ ಹೋಗೋದು ಬಡವನೇ, ಮಾಳಿಗೆ ಮೇಲಿನವನಲ್ಲ ಅಂತ ವಾದ ಹೂಡಿದೆವು. ಕೇರಿಯ ಒಬ್ಬ ಅವ್ವ ಕೇಳಿಸಿಕೊಂಡು, "ನೀವು ಓದಿದೋರು, ಬಡವ ಅಂತ ಯಾರನ್ನ ಅಂತೀರಪ್ಪ? ಅವನನ್ನೋ, ಅವನ ಕೈಲಿ ಏಟು ತಿನ್ನೋ ನನ್ನನ್ನೋ?" ಅಂದಳು. ನಮ್ಮ ವಾದ ಪೂರ್ತಿ ತಪ್ಪು ಅಂತ ಈಗಲೂ ಅನ್ನಿಸಿಲ್ಲ. ಆದರೆ ಅವಳಿಗೆ ಕೊಡೋ ಉತ್ತರ ಅದರಲ್ಲಿಲ್ಲ. ನಮ್ಮ ಮರೆಗೂ ಒಂದು ಮರೆ ಇದೆ, ಅದು ಅವಳ ಮನೆಯೊಳಗಿದೆ ಅನ್ನೋದಷ್ಟೇ ಗೊತ್ತಾಯಿತು.

ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ಬಾಯಾರಿಕೆಗಾಗಿ ಅಲ್ಲ. ನೀರೇ ಬೇಕಾಗಿದ್ದರೆ ರಾತ್ರಿ ಹೋಗಿ ಒಂದು ಕೊಡ ತರಬಹುದಿತ್ತು. ಹಗಲಲ್ಲಿ, ಸಾವಿರಾರು ಜನರ ಜೊತೆ ಮೆರವಣಿಗೆಯಲ್ಲಿ ನಡೆದು ಹೋಗಿ ಕುಡಿದರು. ಅದಕ್ಕೇ ಏಟು ಬಿತ್ತು. ಕದ್ದು ಕುಡಿದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಮೊನ್ನೆ ಊರಿಗೆ ಹೋಗಿದ್ದೆವು. ಜಾಲಿ ಮರೆಯಲ್ಲಿ ಸಾಹುಕಾರನ ಮಗ ನಮ್ಮ ಹತ್ತಿರ ನಲವತ್ತು ರೂಪಾಯಿ ಸಾಲ ತಗೊಂಡ. ಬೆಳಿಗ್ಗೆ ಟೀ ಹೋಟೆಲಿನ ಒಳಗೆ ಅವನು ನಾಲ್ಕು ಜನ ದೊಡ್ಡವರ ಜೊತೆ ಕೂತಿದ್ದ. ನಾವು ಹೊರಗೆ ನಿಲ್ಲಲಿಲ್ಲ. ಒಳಗೆ ಹೋಗಿ, ಅವನ ಮುಂದಿನ ಬೆಂಚಿನಲ್ಲಿ ಕೂತು, "ರಾತ್ರಿದು ನಲವತ್ತು ರೂಪಾಯಿ ಕೊಡಣ್ಣ" ಅಂದೆವು. ಅವನು ಟೀ ಲೋಟ ಕೆಳಗಿಟ್ಟ. ಹೋಟೆಲಿನಲ್ಲಿ ಸ್ಟೌವಿನ ಸದ್ದೊಂದೇ ಉಳಿಯಿತು. ಕೊಡುವವರೆಗೆ ನಾವು ಅಲ್ಲೇ ಕೂತಿದ್ದೆವು.