ಬೀಗ ಹಾಕುವವರು ಯಾರನ್ನು ದೂರುತ್ತಾರೆ?

ರಾತ್ರಿ ಬಾಗಿಲಿಗೆ ಚಿಲಕ ಹಾಕುವ ನಾವು ಊರವರನ್ನೆಲ್ಲ ಕಳ್ಳರೆಂದು ತೀರ್ಮಾನಿಸಿದ್ದೇವೆಯೇ? ಇಂಗ್ಲೆಂಡಿನ ತತ್ವಜ್ಞಾನಿ ಥಾಮಸ್ ಹಾಬ್ಸ್ 1651ರಲ್ಲಿ ಪ್ರಕಟವಾದ 'ಲೆವಿಯಾಥನ್' ಗ್ರಂಥದಲ್ಲಿ ಈ ಪ್ರಶ್ನೆ ಎತ್ತಿದ್ದಾನೆ. ಬಾಗಿಲಿಗೆ ಬೀಗ ಹಾಕುವವನು ನೆರೆಯವರ ಬಗ್ಗೆ, ಪೆಟ್ಟಿಗೆಗೆ ಬೀಗ ಹಾಕುವವನು ತನ್ನ ಮಕ್ಕಳ, ಆಳುಗಳ ಬಗ್ಗೆ ಏನೆಂದುಕೊಂಡಿದ್ದಾನೆ? ತಾನು ಮಾತಿನಲ್ಲಿ ಮಾಡಿದ ಆರೋಪವನ್ನೇ ಜನ ಕೃತಿಯಲ್ಲಿ ಮಾಡುತ್ತಾರೆಂಬುದು ಅವನ ವಾದ.

ನಮ್ಮ ಧರ್ಮಕೇಂದ್ರದ ಕುಟುಂಬವೊಂದು ಈಚೆಗೆ ಹಳೆಯ ಮನೆಯೊಂದನ್ನು ಕೊಂಡು ಒಕ್ಕಲು ಹೋಯಿತು. ಹಿಂದಿನವರು ಹಾಕಿಸಿದ್ದ ಬರ್ಗ್ಲರ್ ಅಲಾರಂ ಗೋಡೆಯಲ್ಲಿ ಸುಮ್ಮನೆ ಕುಳಿತಿತ್ತು. ಪೆಟ್ಟಿಗೆ ತೆರೆದರೆ ಒಳಗಿನ 12 ವೋಲ್ಟ್ ಬ್ಯಾಟರಿ ಉಬ್ಬಿತ್ತು. ಇಂಥ ಬ್ಯಾಟರಿಗೆ ಸಾಮಾನ್ಯವಾಗಿ 3ರಿಂದ 5 ವರ್ಷ ಆಯುಸ್ಸು. ಅದು ಸತ್ತರೆ ಕರೆಂಟ್ ಹೋದೊಡನೆ ಕಾವಲೂ ಹೋಗುತ್ತದೆ. ಬ್ಯಾಟರಿ ಬದಲಾಯಿತು. ಬಾಗಿಲಲ್ಲಿ ಅಯಸ್ಕಾಂತದ ತುಂಡು, ಚೌಕಟ್ಟಿನಲ್ಲಿ ಪುಟ್ಟ ಸ್ವಿಚ್ಚು: ಎರಡೂ ದೂರವಾದರೆ ಸೈರನ್ ಕೂಗುತ್ತದೆ. ಹಳೆಯ ಗುಪ್ತಸಂಖ್ಯೆಯನ್ನೂ ತೆಗೆಸಿದರು. "ಮನೆ ಮಾರಿದವರು ಎಷ್ಟು ಒಳ್ಳೆಯವರು, ತಿಳಿದರೆ ಬೇಜಾರಾಗುವುದಿಲ್ಲವೇ?" ಎಂದು ಅಜ್ಜಿಗೆ ಸಂಕಟ.

ಅಜ್ಜಿಯ ಸಂಕಟಕ್ಕೂ ಹಾಬ್ಸನ ವಾದಕ್ಕೂ ಸಂತ ತೋಮಸ್ ಅಕ್ವಿನಾಸರಲ್ಲಿ ಉತ್ತರವಿದೆ. ತೀರ್ಪು ಕೊಡುವ ಬಗ್ಗೆ ಚರ್ಚಿಸುತ್ತಾ ಅವರು 'ಸುಮ್ಮಾ ಥಿಯೊಲಾಜಿಕಾ'ದಲ್ಲಿ ಒಂದು ಭೇದ ಮಾಡುತ್ತಾರೆ. ಕೆಡುಕಿಗೆ ಮುಂಜಾಗ್ರತೆ ವಹಿಸುವಾಗ ಕೆಟ್ಟದ್ದನ್ನೇ ಊಹಿಸಿಕೊಳ್ಳಬಹುದು. ದೊಡ್ಡ ರೋಗಕ್ಕೆ ನಾಟುವ ಮದ್ದು ಸಣ್ಣದಕ್ಕೂ ನಾಟುತ್ತದೆ. ಆದರೆ ಒಬ್ಬ ವ್ಯಕ್ತಿ ಹೀಗೆಯೇ ಎಂದು ನಿರ್ಣಯಿಸುವಾಗ, ಸಂದೇಹವಿದ್ದರೆ ಒಳ್ಳೆಯದನ್ನೇ ಎಣಿಸಬೇಕು. ಸಂಖ್ಯೆ ಬದಲಿಸುವುದು ಊಹೆಯಷ್ಟೇ. ಅದು ಯಾರ ಮೇಲೂ ತೀರ್ಪಲ್ಲ. ಹಾಬ್ಸ್ ಈ ಎರಡನ್ನೂ ಒಂದೇ ಗಂಟಿಗೆ ಕಟ್ಟಿದನೆಂದು ನನಗನಿಸುತ್ತದೆ. (ವಿದ್ಯುತ್ ಅಲಾರಮಿಗೆ 1853ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಆಗಸ್ಟಸ್ ರಸೆಲ್ ಪೋಪ್ ಒಬ್ಬ ಸಭಾಪಾಲಕ. ಹೆಸರು ಪೋಪ್, ಕಥೋಲಿಕನಲ್ಲ!)

ಆದರೆ ಪುಸ್ತಕದ ಭೇದ ಮನೆಯಲ್ಲಿ ಉಳಿಯುವುದು ಸುಲಭವಲ್ಲ. ಮಳೆಗಾಲದ ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ ಸೈರನ್ ಕೂಗಿತು. ಬೀದಿಯೆಲ್ಲ ಸೇರಿತು. ಏನೂ ಕಳವಾಗಿರಲಿಲ್ಲ. ಆದರೂ ಎಲ್ಲರ ಕಣ್ಣು ಹೋದದ್ದು ಕಸಮುಸುರೆಗೆ ಬರುವ ಹೆಂಗಸಿನ ಕಡೆಗೆ. ಒಂದು ಮಾತೂ ಆಡಲಿಲ್ಲ; ಮರುದಿನ ಬೀರುವಿನ ಕೀಲಿ ಮಾತ್ರ ಜಾಗ ಬದಲಿಸಿತು. ಆಕೆ ಅದನ್ನು ಕಂಡಳು. ವಾರದ ಮೇಲೆ ಮೆಕ್ಯಾನಿಕ್ ಬಂದು ನೋಡಿದರೆ, ಮಳೆಗೆ ಮರ ಉಬ್ಬಿ ಹಿತ್ತಿಲ ಬಾಗಿಲು ಪೂರ್ತಿ ಕೂರುತ್ತಿರಲಿಲ್ಲ. ಗಾಳಿಗೆ ಅಲುಗಿದರೆ ಸಾಕು, ಅಯಸ್ಕಾಂತ ದೂರವಾಗುತ್ತಿತ್ತು.

ಯಂತ್ರಕ್ಕೆ ಊಹೆ ಮಾತ್ರ ಗೊತ್ತು. ಬಾಗಿಲು ಅಲುಗಿತೆಂದು ಅದು ಕೂಗಿತು, ಯಾರ ಹೆಸರನ್ನೂ ಹೇಳಲಿಲ್ಲ. ಹೆಸರನ್ನು ಕೂಡಿಸಿದವರು ನಾವು. ಅದೂ ಬಡವರ ಹೆಸರನ್ನೇ.

ಹೊಸ ಸಂಖ್ಯೆಯನ್ನು ಆಕೆಗೂ ಕೊಡಬಾರದೇ ಎಂದು ಕೇಳಿದೆ. "ಫಾದರ್, ಅವಳು ಇನ್ನಾರಿಗಾದರೂ ಹೇಳಿಬಿಟ್ಟರೆ?" ಎಂದರು ಮನೆಯೊಡತಿ. ಪ್ರಶ್ನೆ ತಪ್ಪಲ್ಲ, ಅದು ಮುಂಜಾಗ್ರತೆಯೇ. ಆದರೆ ವರ್ಷಕ್ಕೊಮ್ಮೆ ಬರುವ ಮೈದುನನಿಗೆ ಈ ಪ್ರಶ್ನೆಯಿಲ್ಲದೆಯೇ ಸಂಖ್ಯೆ ಸಿಕ್ಕಿತ್ತು. ಎಲ್ಲರಿಗೂ ಒಂದೇ ಅಳತೆಯಾದರೆ ಅದು ಎಚ್ಚರ. ಒಬ್ಬಳಿಗೆ ಮಾತ್ರವಾದರೆ ತೀರ್ಪು ಆಗಲೇ ಆಗಿಹೋಗಿದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಅನುಕೂಲ ಅನೇಕ ಅಲಾರಂಗಳಲ್ಲಿದೆ. ಬೇಡವಾದಾಗ ಒಂದನ್ನೇ ತೆಗೆದುಹಾಕಬಹುದು.

ಬಡಗಿ ಬಂದು ಬಾಗಿಲ ಅಂಚು ಹೆರೆದುಹೋಗಿದ್ದಾನೆ. ಹೆಸರಿಲ್ಲದೆ ಇದನ್ನು ಬರೆಯಲು ಒಪ್ಪಿದ ಆ ಮನೆಯೊಡತಿ, ಪತ್ರಿಕೆ ಕೈಸೇರುವ ಮೊದಲೇ ಆಕೆಯನ್ನು ಕೂರಿಸಿ ಮಾತನಾಡುವುದಾಗಿ ಹೇಳಿದ್ದಾರೆ.